ಸಮ ಅನ್ನಲಿಕ್ಕ ಟೈಮ್ ಹಿಡೀತದ

ಕಲಬುರಗಿ ಗಂಜಿನೊಳಗ ತೊಗರಿ ಸೀಜನ್ನು.
ದಾಲ್‌ಮಿಲ್ಲಿನ ಹಿಂದಿನ ಖೋಲಿ, ಒಂದು ಹಳೇ ಕಂಪ್ಯೂಟರು,
ಕೀಬೋರ್ಡಿನ ಸಂದಿಯೊಳಗ ಹೊಟ್ಟಿನ ಧೂಳು.
ದಿನಾ ಸಂಜೀಕ ಎರಡು ಪಟ್ಟಿ ಬರ್ತಾವ ನನ್ನ ಹತ್ರ:
ಗೇಟಿನಾಗ ಇಳಿದ ಚೀಲ,
ಗೋದಾಮಿನಾಗ ಏರಿದ ಚೀಲ.
ಎರಡೂ ಸಮ ಅದಾವೇನು?
ಇಷ್ಟೇ ಪ್ರಶ್ನೆ.

ನಾ ಬರೆದ ಕೋಡು ಭಾಳ ನಿಯತ್ತಿಂದು.
ಈ ಪಟ್ಟಿಯ ಒಂದು ಚೀಲ ಹಿಡ್ಕೊಂಡು
ಆ ಪಟ್ಟಿ ತುಂಬ ತಿರುಗತಿತ್ತು,
ಸಿಕ್ಕ ಮ್ಯಾಲ ಹೊಳ್ಳಿ ಬಂದು ಇನ್ನೊಂದು ಹಿಡೀತಿತ್ತು,
ಮತ್ತ ಮೊದಲಿಂದ.
ಇಪ್ಪತ್ತು ಸಾವಿರ ಚೀಲಕ್ಕ ಇಪ್ಪತ್ತು ಸಾವಿರ ಸುತ್ತು.
ಮುಕ್ಕಾಲು ತಾಸು
ಡಬ್ಬಿಯೊಳಗ ಫ್ಯಾನು ಕೂಗತಿತ್ತು.

ತೂಕದ ಮುನೀಮ ಮಶಾಕಸಾಬರು,
ಕಿವಿ ಮ್ಯಾಲ ಪೆನ್ಸಿಲ್ಲು, ಮೌಸ್ ಮುಟ್ಟಿದವರಲ್ಲ.
"ಮಹಾನಂದಾ, ಇದು ಇಷ್ಟೊತ್ತು ಏನು ಹುಡುಕ್ಲಿಕತ್ತದವಾ?"
ಹೇಳಿದೆ.
ಎಲಿ-ಅಡಿಕಿ ದವಡಿಗೆ ಸರಿಸಿ ನಕ್ಕರು:
"ಪೈಲಾ ಎಣಿಸಬೇಕಲ್ಲ?
ಈ ಕಡೆ ನೂರು, ಆ ಕಡೆ ತೊಂಬತ್ತೊಂಬತ್ತು ಇದ್ರ
ಚೀಲದ ಮಾರಿ ಯಾಕ ನೋಡಬೇಕು?"
ಖರೆ. ಒಂದು ಸಾಲಿನ ಕೆಲಸ.
ನಾಚಿಕಿ ಆತು, ಬರೆದೆ.

"ಎರಡೂ ಕೈಯಾಗ ಒಂದೇ ವಹಿ ಇದ್ರ?"
ಅದೂ ಆಗಿತ್ತಂತ ಒಮ್ಮೆ.
ಸೇಡಂ ಕಡೆಯ ಹೊಸ ಗುಮಾಸ್ತ
ಕೆಂಪು ವಹಿಯನ್ನ ಅದೇ ಕೆಂಪು ವಹಿಗೆ
ತಾನೇ ಓದಿ ತಾನೇ ಟಿಕ್ ಹಾಕಿ
ರಾತ್ರಿ ಹನ್ನೆರಡರ ತನಕ ತಾಳೆ ನೋಡಿದ್ದ,
ಒಂದೂ ತಪ್ಪಿಲ್ಲಂತ ಖುಷಿಯಿಂದ ಮನಿಗೆ ಹೋಗಿದ್ದ.
ಅದಕ್ಕೂ ಒಂದು ಸಾಲು.

ಆಮ್ಯಾಲ ಗೋದಾಮಿಗೆ ಕರ್ಕೊಂಡು ಹೋದ್ರು.
ಲಾಟ್ ನಂಬರಿನ ಕಡೀ ಎರಡು ಅಂಕಿ ನೋಡಿ
ಹಮಾಲರು ಥಪ್ಪಿ ಹಚ್ಚಿದ್ರು,
ಗ್ವಾಡಿ ಮ್ಯಾಲ ಸುಣ್ಣದ ಅಂಕಿ.
"ನಲವತ್ತೇಳು ಬೇಕಂದ್ರ ನಲವತ್ತೇಳರ ಥಪ್ಪಿಗೇ ಹೋಗ್ತಾರ.
ಇಡೀ ಗೋದಾಮು ತಿರುಗ್ಲಿಕ್ಕ
ಅವರೇನು ನಿನ್ನ ಮಷೀನೇನು?"
ನಾ ಓದಿದ ಪುಸ್ತಕದಾಗ ಇದಕ್ಕ ಹ್ಯಾಶ್ ಅಂತಾರ.
ಹೆಸರು ಗೊತ್ತಿತ್ತು.
ಹೆಗಲಿಗೆ ಅದು ಎಷ್ಟು ಹಗುರ ಅಂತ ಗೊತ್ತಿರಲಿಲ್ಲ.

ಆದ್ರ ಒಂದೇ ಥಪ್ಪಿ ಅಂದ್ರ ಒಂದೇ ಲಾಟ್ ಅಲ್ಲ,
ಬಗ್ಗಿ ಪೂರಾ ನಂಬರು ಓದಬೇಕು.
ಒಂದು ನಂಬರಿನವು ಮೂರು ಇದ್ರ ಮೂರು ಗೆರಿ ಹೊಡೀಬೇಕು,
ಒಂದು ಗೆರಿಯಾಗ ಮೂವರನ್ನ ಮುಗಿಸಬಾರದು.
ನಾ ಮುಗಿಸಿದ್ದೆ.
ಮೂರು ದಿನ ತಪ್ಪು ಸಮ ಹೇಳಿತ್ತು ನನ್ನ ಕೋಡು,
ಎಣಿಕಿ ಬರಾಬರಿ, ಚೀಲ ಅದಲು-ಬದಲು.
ಮಶಾಕಸಾಬರು ಕೈ ಆಡಿಸಿ ನೋಡದಿದ್ರ
ಪೂರಾ ಬದನಾಮಿ ಡ್ರೈವರ್ ಜಟ್ಟೆಪ್ಪನ ಮ್ಯಾಲ.

ಈಗ ಎರಡು ಸೆಕೆಂಡು.
ಅದರೊಳಗೂ ಒಂದು ಮಾತು, ಜರಡಿ ಹಿಡಿದಂಗ, ಮ್ಯಾಲೇ ಉಳೀತು:
ಬ್ಯಾರೆ ಅನ್ನಲಿಕ್ಕ ಒಂದು ಚೀಲ ಸಾಕು,
ಅಲ್ಲೇ ನಿಂತು ವಹಿ ಮುಚ್ಚಬಹುದು.
ಸಮ ಅನ್ನಲಿಕ್ಕ
ಕಡೀ ಚೀಲದ ತನಕ ನಡೀಬೇಕು.
ಹುಡುಕಿದೆ. ಇದಕ್ಕ ಅಡ್ಡದಾರಿ ಸಿಗಲಿಲ್ಲ.

ಆ ಮುಕ್ಕಾಲು ತಾಸಿನಾಗ
ಬ್ಯಾಳಿ ಹಸನ ಮಾಡೋ ಗುರುಬಾಯಿ ಬಂದು ಮೊಣಕಾಲು ಚಾಚಿ ಕೂಡ್ತಿದ್ಲು.
ಟಾವೆಲ್ಲಿನ ಕೆಳಗ ಬೆರಳು ಹಿಡಿದು
ಮೊದಲು ರೇಟು ಹೆಂಗ ಕಟ್ಟತಿದ್ರು ಅಂತ
ಮಶಾಕಸಾಬರು ನನ್ನ ಬೆರಳಿಗೇ ತೋರಿಸಿದ್ದು ಅವಾಗ.
ಮಷೀನು ತಿರುಗತಿತ್ತು, ನಾವು ಕುಂತಿರತಿದ್ದೆವು.
ಅದರ ಲೆಕ್ಕ ನಾ ಯಾವ ಪಟ್ಟಿಯಾಗೂ ಬರೆದಿರಲಿಲ್ಲ.

ನಿನ್ನೆ ಚಹಾದ ಹುಡುಗ ಕಪ್ಪು ಇಡೋದ್ರಾಗ
"ಆತೇನು?"
"ಆತ್ರಿ."
"ಸಮ?"
"ಸಮ."

ಎದ್ದು ಹೋಗಲಿಲ್ಲ ಅವರು.
ಕುರ್ಚಿ ಎಳ್ಕೊಂಡು ಗೇಟಿನ ವಹಿ ತೆರೆದ್ರು,
ಪೆನ್ಸಿಲ್ ನಾಲಿಗಿಗೆ ಹಚ್ಚಿದ್ರು.
"ನೀ ಗೋದಾಮಿಂದು ಹಿಡಿ, ನಾ ಓದ್ತೀನಿ.
ಮಷೀನಿನ ಮ್ಯಾಲ ಸಂಶಯ ಇಲ್ಲವಾ.
ಚಹಾ ಇನ್ನಾ ಬಿಸಿ ಅದ."